ಹೇರಾದೇವಿಯೂ ಹೊರನಾಡಿನ ಅನ್ನಪೂರ್ಣೆಯೂ

ಪ್ರಾಚೀನ ಗ್ರೀಕರು ದೇವತೆಗಳ ರಾಣಿಯೆಂದು ಪೂಜಿಸಿದವಳು ಹೇರಾದೇವಿ. ಆಕೆ ದೇವರಾಜನಾದ ಜ್ಯೂಸನ ಪತ್ನಿ, ವಿವಾಹಧರ್ಮದ ಅಧಿದೇವತೆ. ಹೋಮರನ ಕಾವ್ಯದಲ್ಲಿ ಆಕೆ ಪತಿಯೊಡನೆ ಪದೇ ಪದೇ ಕಲಹ ಹೂಡುವವಳಾಗಿ ಕಾಣುವಳಾದುದರಿಂದ, ಕಥೆಯನ್ನು ಮಾತ್ರ ಓದಿದವರು ಆಕೆಯನ್ನು ಮತ್ಸರದ ಮೂರ್ತಿಯೆಂದೇ ಎಣಿಸುವರು. ಆದರೆ ಪೂಜೆಯ ಚರಿತ್ರೆಯು ಬೇರೊಂದು ಮಾತನ್ನು ಹೇಳುವುದು. ಕ್ರಿ. ಪೂ. 13ನೆಯ ಶತಮಾನದ ಪೈಲೋಸ್ ಪಟ್ಟಣದ ಮಣ್ಣಿನ ಫಲಕದಲ್ಲಿಯೇ ಆಕೆಯ ಹೆಸರು ದೊರೆತಿದೆ. ಒಲಿಂಪಿಯದಲ್ಲಿ ಕ್ರಿ. ಪೂ. 600ರ ಸುಮಾರಿಗೆ ಆಕೆಗಾಗಿ ಎತ್ತಿದ ಗುಡಿಯು ಅಲ್ಲಿನ ಜ್ಯೂಸನ ಮಹಾಲಯಕ್ಕಿಂತ ನೂರು ವರ್ಷಕ್ಕೂ ಹಿಂದಿನದು. ಆರ್ಗೋಸ್ ನಾಡಿನಲ್ಲಿ ಆಕೆಯ ಅರ್ಚಕಿಯರು ಪದವಿಯಲ್ಲಿದ್ದ ವರ್ಷಗಳನ್ನೆಣಿಸಿ ಕಾಲವನ್ನು ಗುರುತಿಸುತ್ತಿದ್ದರು.

ಪ್ಲಾಟಿಯ ಎಂಬ ಊರಿನ ಹಬ್ಬದ ಕಥೆಯೊಂದನ್ನು ಪೌಸೇನಿಯಸನು ಬರೆದಿಟ್ಟಿದ್ದಾನೆ. ಹೇರೆಯು ಮುನಿದು ಪತಿಯನ್ನು ತೊರೆದುಹೋದಳು. ಜ್ಯೂಸನು ಮರದ ಬೊಂಬೆಯೊಂದಕ್ಕೆ ಮುಸುಕು ಹೊದಿಸಿ, ಎತ್ತಿನ ಬಂಡಿಯಲ್ಲಿ ಕೂರಿಸಿ, ತಾನು ಬೇರೊಬ್ಬಳನ್ನು ವರಿಸುವೆನೆಂದು ಸುದ್ದಿ ಹಬ್ಬಿಸಿದನು. ಹೇರೆಯು ಓಡಿಬಂದು ಮುಸುಕನ್ನು ಕಿತ್ತೆಸೆದಳು. ಮರದ ಮದುವಣಗಿತ್ತಿಯನ್ನು ಕಂಡು ಹರ್ಷಗೊಂಡು ಒಲಿದಳು.

ಇದರ ಮಗ್ಗುಲಲ್ಲಿ ಅನ್ನಪೂರ್ಣೆಯ ಕಥೆಯನ್ನಿಟ್ಟು ನೋಡಬೇಕು. ಜಗತ್ತೆಲ್ಲ ಮಾಯೆ, ಅನ್ನವೂ ಮಾಯೆಯೇ ಎಂದು ಶಿವನು ನುಡಿಯಲು, ಪಾರ್ವತಿಯು ಮರೆಯಾದಳು. ಲೋಕವು ಹಸಿವಿನಿಂದ ತತ್ತರಿಸಿತು. ಕಡೆಗೆ ಆಕೆ ಕಾಶಿಯಲ್ಲಿ ಅನ್ನ ನೀಡುತ್ತಿರಲು, ಶಿವನೇ ಕಪಾಲವನ್ನು ಹಿಡಿದು ಬಂದು ಭಿಕ್ಷೆ ಬೇಡಿದನು.

ಎರಡು ಕಥೆಗಳಲ್ಲಿಯೂ ರಾಣಿಯು ಮುನಿದು ಹೋಗುವಳು. ಆದರೆ ಹೇರೆಯ ಮುನಿಸಿನಿಂದ ಯಾರ ಮನೆಯ ಒಲೆಯೂ ಆರಲಿಲ್ಲ. ಗ್ರೀಕರಲ್ಲಿ ಧಾನ್ಯದ ಒಡೆತನ ದೆಮೆತೆರ್ ಎಂಬ ಬೇರೊಬ್ಬ ದೇವಿಯದು; ಮಗಳನ್ನು ಕಳೆದುಕೊಂಡು ಆಕೆ ಶೋಕಿಸಿದಾಗಲೇ ಹೊಲ ಬಂಜೆಯಾದುದು. ಅಲ್ಲಿ ಸಿಂಹಾಸನವೊಬ್ಬಳಿಗೆ, ಕಣಜ ಮತ್ತೊಬ್ಬಳಿಗೆ. ಇಲ್ಲಿ ಎರಡೂ ಒಬ್ಬಳವೇ. ಆದುದರಿಂದಲೇ ಜ್ಯೂಸನು ಉಪಾಯ ಹೂಡಿ ಗೆದ್ದರೆ, ಶಿವನು ಕೈಯೊಡ್ಡಿ ಗೆದ್ದನು.

ಈ ಭೇದವು ಕಳಸದ ಸೀಮೆಯಲ್ಲಿ ಕಣ್ಣಿಗೆ ಕಟ್ಟುವಂತಿದೆ. ಕಳಸದ ಕಳಸೇಶ್ವರನ ಸನ್ನಿಧಿಯಲ್ಲಿ ಗಿರಿಜಾಕಲ್ಯಾಣ ನಡೆಯುವುದು. ಅಲ್ಲಿ ದೇವಿಯು ವಧು. ಭದ್ರೆಯ ಆಚೆಗೆ ಕೆಲವೇ ಮೈಲಿ ದೂರದ ಹೊರನಾಡಿನಲ್ಲಿ ಅವಳೇ ಮನೆಯೊಡತಿ. ಅಗಸ್ತ್ಯರು ಪ್ರತಿಷ್ಠಿಸಿದರೆಂದು ಐತಿಹ್ಯವಿರುವ ಆ ಕ್ಷೇತ್ರದಲ್ಲಿ ಶಂಖಚಕ್ರಗಳನ್ನು ಧರಿಸಿ ನಿಂತ ಅನ್ನಪೂರ್ಣೇಶ್ವರಿಯೇ ಪ್ರಧಾನದೇವತೆ. 1973ರಲ್ಲಿ ದೇವಾಲಯವು ಜೀರ್ಣೋದ್ಧಾರಗೊಂಡು ಪುನಃಪ್ರತಿಷ್ಠೆಯಾಯಿತು. ಘಟ್ಟದ ಮಳೆಯಲ್ಲಿ ನೆನೆದು ಬಂದ ಯಾತ್ರಿಕನಿಗೆ ದರ್ಶನದಷ್ಟೇ ಮುಖ್ಯವಾದುದು ಅಲ್ಲಿಯ ಊಟ.

ಕ್ರಿ. ಪೂ. 423ರಲ್ಲಿ ಅರ್ಚಕಿ ಕ್ರಿಸಿಸಳು ದೀಪವನ್ನು ಹಾರಗಳ ಬಳಿಯಿಟ್ಟು ನಿದ್ರೆಹೋಗಲು ಆರ್ಗೋಸಿನ ಹೇರಾಲಯವು ಸುಟ್ಟುಹೋಯಿತು. ಜನರು ಹೊಸ ಗುಡಿಯನ್ನು ಕಟ್ಟಿದರು. ಆದರೆ ಕ್ರಿ. ಶ. 391–92ರಲ್ಲಿ ಥಿಯೊಡೋಸಿಯಸ್ ಚಕ್ರವರ್ತಿಯ ಶಾಸನಗಳು ಹಳೆಯ ಪೂಜೆಗಳನ್ನು ನಿಷೇಧಿಸಿದ ಬಳಿಕ ಕಟ್ಟುವವರೇ ಉಳಿಯಲಿಲ್ಲ. ಬೆಂಕಿಯಿಂದ ಅಳಿದುದನ್ನು ಭಕ್ತರು ಮತ್ತೆ ಎತ್ತಬಲ್ಲರು. ಭಕ್ತರೇ ಇಲ್ಲವಾದಲ್ಲಿ ರಾಣಿಗೆ ಉಳಿಯುವುದು ಕಂಬಗಳು ಮಾತ್ರ. ಹೊರನಾಡಿನ ರಾಣಿಯ ರಾಜ್ಯವಾದರೋ ಪ್ರತಿದಿನವೂ ಪಂಕ್ತಿಯಲ್ಲಿ ಎಲೆ ಹಾಸಿದಾಗ ಹೊಸದಾಗುತ್ತಿದೆ.