ಊರಿನಿಂದ ಕಾಡಿಗೆ ಹೋದ ಕಾಯಿಲೆ

ನಮ್ಮ ರಿಪ್ಪನ್‌ಪೇಟೆಯ ಸೀಮೆಯಲ್ಲಿ ಮಂಗ ಸತ್ತುಬಿದ್ದರೆ ಊರಿಗೆ ಊರೇ ಎಚ್ಚರಗೊಳ್ಳುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರೂ ಜ್ವರ ಹಿಡಿದು ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಉಣುಗಿನಿಂದ ಹರಡುವ ಹೊಸ ವೈರಸ್ಸನ್ನು ಪತ್ತೆ ಮಾಡಿದರು. ಅಂದಿನಿಂದ ರೋಗ ಬರುವುದು ಕಾಡಿನಿಂದ ಎಂಬ ಮಾತು ಮಲೆನಾಡಿನವರಿಗೆ ಬಾಯಿಪಾಠವಾಗಿದೆ. ತರಗತಿಯಲ್ಲಿ ಕೇಳಿದರೆ ಮಕ್ಕಳು ಹೇಳುವುದೂ ಅದನ್ನೇ. ಚರಿತ್ರೆ ಕಲಿಸುವ ನಾನು ಅವರಿಗೆ ಇದರ ಇನ್ನೊಂದು ಮಗ್ಗುಲನ್ನೂ ಹೇಳುತ್ತೇನೆ.

1994ರಲ್ಲಿ ಆಫ್ರಿಕದ ತಾಂಜಾನಿಯಾ ದೇಶದ ಸೆರೆಂಗೆಟಿಯಲ್ಲಿ ಸಿಂಹಗಳು ಮೈ ಅದುರಿ, ಸೆಟೆದು ಬೀಳತೊಡಗಿದವು. ಸುಮಾರು ಸಾವಿರ ಸಿಂಹಗಳು, ಅಂದರೆ ಮೂರರಲ್ಲೊಂದು ಪಾಲು, ಇಲ್ಲವಾದವು. ಕಾರಣ ಡಿಸ್ಟೆಂಪರ್. ನಾಯಿಮರಿಗಳಿಗೆ ಕಣ್ಣು ಮೂಗು ಸೋರಿ, ಕೆಮ್ಮು ಭೇದಿಯಾಗಿ, ಕೊನೆಗೆ ನರಕ್ಕೆ ಏರುವ ಕಾಯಿಲೆ ಇದು. ಇದು ವೈರಸ್ಸಿನಿಂದ ಬರುವುದೆಂದು ಫ್ರಾನ್ಸಿನ ಹೆನ್ರಿ ಕಾರೆ 1905ರಲ್ಲೇ ತೋರಿಸಿಕೊಟ್ಟಿದ್ದರು. ನಮ್ಮ ದಡಾರದ ವೈರಸ್ಸಿಗೆ ಇದು ದಾಯಾದಿ. ಸೆರೆಂಗೆಟಿಯ ಸುತ್ತಲ ಹಳ್ಳಿಗಳಲ್ಲಿ ಲಸಿಕೆ ಕಾಣದ ನಾಯಿಗಳು ಸಾವಿರಾರು ಇದ್ದವು. ಸೋಂಕಿನ ಮೂಲ ಅವುಗಳೇ ಎಂದು ವಿಜ್ಞಾನಿಗಳು ತೀರ್ಮಾನಿಸಿದರು. ಹಿಂದಿನ ವರ್ಷ ಬರ ಬಿದ್ದು, ಸೊರಗಿದ ಕಾಡೆಮ್ಮೆಗಳ ಮೈಯಲ್ಲಿ ಉಣುಗು ತುಂಬಿತ್ತು. ಅವನ್ನು ಬೇಟೆಯಾಡಿದ ಸಿಂಹಗಳಿಗೆ ಉಣುಗಿನ ರೋಗವೂ ಸೇರಿಕೊಂಡು ಸಾವು ಹೆಚ್ಚಿತು.

ನಮ್ಮ ದೇಶದಲ್ಲೂ ಹೀಗಾಯಿತು. 2018ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಗುಜರಾತಿನ ಗಿರ್ ಕಾಡಿನ ದಲ್ಖಾನಿಯಾ ವಲಯದಲ್ಲಿ 23 ಸಿಂಹಗಳು ಸತ್ತವು. ಕ್ಯಾಸನೂರಿನ ವೈರಸ್ಸನ್ನು ಹಿಡಿದುಕೊಟ್ಟ ಪುಣೆಯ ಸಂಸ್ಥೆಯೇ, ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ, ಅವುಗಳಲ್ಲಿ ಕೆಲವಕ್ಕೆ ಡಿಸ್ಟೆಂಪರ್ ತಗಲಿದ್ದನ್ನು ಖಚಿತಪಡಿಸಿತು. ಉಳಿದವನ್ನು ಕಾಪಾಡಲು ಅಮೆರಿಕದಿಂದ ಲಸಿಕೆ ತರಿಸಬೇಕಾಯಿತು.

ನಮ್ಮ ಕಾಡಿನಲ್ಲಿ ಸಿಂಹವಿಲ್ಲ, ನಿಜ. ಆದರೆ ಸೀಳುನಾಯಿ, ನರಿ, ಚಿರತೆಗಳಿವೆ. ಈ ಕಾಯಿಲೆ ಮೂರಕ್ಕೂ ತಗಲಬಲ್ಲದು. ಚಿರತೆ ಅಂಗಳಕ್ಕೇ ಬಂದು ನಾಯಿ ಹೊತ್ತೊಯ್ಯುತ್ತದೆ. ಕಾಡಂಚಿನಲ್ಲಿ ಎಸೆದ ದನದ ಹೆಣಕ್ಕೆ ಊರನಾಯಿಯೂ ನರಿಯೂ ಬಾಯಿ ಹಾಕುತ್ತವೆ. ಸೀಳುನಾಯಿಗಳು ಹಿಂಡಾಗಿಯೇ ಬಾಳುವುದರಿಂದ ಒಂದಕ್ಕೆ ತಗಲಿದರೆ ಇಡೀ ಹಿಂಡಿಗೇ ಅಪಾಯ. ಮಂಗ ಸತ್ತರೆ ನಮ್ಮ ಜೀವದ ಭಯಕ್ಕಾದರೂ ಸುದ್ದಿ ಮುಟ್ಟಿಸುತ್ತೇವೆ. ಸೀಳುನಾಯಿ ಪೊದೆಯೊಳಗೆ ಸತ್ತರೆ ಕೇಳುವವರಿಲ್ಲ.

ಕಾಡುಪ್ರಾಣಿಗಳನ್ನು ಹಿಡಿದು ಚುಚ್ಚುಮದ್ದು ಹಾಕುವುದು ಸುಲಭದ ಕೆಲಸವಲ್ಲ. ತೋಟ ಕಾಯುವ ನಾಯಿಗೆ ಹಾಕಿಸುವುದು ನಮ್ಮ ಕೈಯಲ್ಲೇ ಇದೆ. ಹುಚ್ಚುನಾಯಿ ರೋಗದ ಲಸಿಕೆ ಇದನ್ನು ತಡೆಯದು. ಡಿಸ್ಟೆಂಪರಿಗೆ ಬೇರೆಯದೇ ಕೇಳಿ ಹಾಕಿಸಬೇಕು, ಅದೂ ಮರಿಯಿದ್ದಾಗಲೇ ಶುರುಮಾಡಿ.