ಲಾಳದ ಚರಿತ್ರೆ ಬರೆದವನು

ಕುದುರೆಗೆ ಲಾಳ ಕಟ್ಟುವವನು ತನ್ನ ಕಸುಬಿನ ಕಥೆಯನ್ನು ಬರೆದಿಡುವುದು ಅಪರೂಪ. ಅವನ ಕೆಲಸವೋ ಕೆಲವು ವಾರಗಳಲ್ಲಿ ಸವೆದುಹೋಗುವಂಥದು. ಸವೆದ ಕಬ್ಬಿಣ ಮತ್ತೆ ಕುಲುಮೆಯ ಪಾಲು. ಹೀಗೆ ಅಳಿಯುತ್ತಿದ್ದ ಚರಿತ್ರೆಯನ್ನು ಹಿಡಿದಿಟ್ಟವನು ಗ್ಲಾಸ್ಗೋದಲ್ಲಿ ಹುಟ್ಟಿದ ಜಾರ್ಜ್ ಫ್ಲೆಮಿಂಗ್ (1833–1901). ಈತ ಬ್ರಿಟಿಷ್ ಸೈನ್ಯದ ಪಶುವೈದ್ಯ. ಲಾಳ ಬಡಿದದ್ದರ ಫಲವನ್ನು ಕುದುರೆಯ ಕಾಲಿನಲ್ಲಿ ಕಂಡವನು. 1869ರಲ್ಲಿ ಪ್ರಕಟವಾದ ಈತನ ಹೆಗ್ಗ್ರಂಥಕ್ಕೆ ವಸ್ತು ಲಾಳವೊಂದೇ!

ಗ್ರೀಕರ ಕ್ಸೆನೊಫನ್ ಗೊರಸು ಗಟ್ಟಿಯಾಗಲು ಲಾಯದ ಹೊರಗೆ ಕಲ್ಲು ಹರಡಿ ಎಂದನೇ ಹೊರತು ಲಾಳದ ಮಾತೆತ್ತಲಿಲ್ಲ. ರೋಮನರಲ್ಲಿ ಗೊರಸಿಗೆ ತೊಡಿಸಿ ಕಟ್ಟುವ ಕಬ್ಬಿಣದ ಪಾದರಕ್ಷೆಯೊಂದಿತ್ತು. ಹಾಗಾದರೆ ಮೊದಲು ಮೊಳೆ ಹೊಡೆದವರಾರು? ಹಳೆಯ ಗ್ರಂಥಗಳು ಬಾಯಿ ಬಿಡದೆಡೆಯಲ್ಲಿ ಫ್ಲೆಮಿಂಗ್ ನೆಲದಿಂದ ಅಗೆದು ತೆಗೆದ ತುಕ್ಕುಹಿಡಿದ ಲಾಳಗಳನ್ನೇ ಸಾಕ್ಷಿಗೆ ಕರೆದ. ಅವುಗಳ ಅಂಚು, ಮೊಳೆಯ ತೂತು, ಅಗಲಗಳನ್ನು ಚಿತ್ರಸಹಿತ ವಿವರಿಸಿದ. ಆ ಕೀರ್ತಿ ಕೆಲ್ಟ್ ಜನರದೆಂಬುದು ಅವನ ವಾದ. ಎಲ್ಲರೂ ಒಪ್ಪಲಿಲ್ಲ, ಆ ಮಾತು ಬೇರೆ.

ಕಸುಬಿನ ಪೂರ್ವಿಕರನ್ನು ಇಷ್ಟು ಅಕ್ಕರೆಯಿಂದ ಹುಡುಕಿದವನು ತನ್ನ ಕಾಲದ ಕಸುಬುದಾರರಿಗೆ ಮಾತ್ರ ರಿಯಾಯಿತಿ ತೋರಲಿಲ್ಲ. ಗೊರಸಿನ ತಳವನ್ನೂ ಅದರ ನಡುವಿನ ಮೆತ್ತನೆಯ ಭಾಗವನ್ನೂ ಕೆತ್ತಿ ಅಂದಗೊಳಿಸುವುದು ಆಗಿನ ರೂಢಿ. ನೋಡಲು ಸೊಗಸು; ಕಲ್ಲುಹಾದಿಯಲ್ಲಿ ನಡೆಯಬೇಕಾದ ಕುದುರೆಗೆ ಯಾತನೆ. ಕೆತ್ತಬೇಡಿ, ಲಾಳ ಹಗುರವಾಗಿರಲಿ ಎಂದು ಫ್ಲೆಮಿಂಗ್ ಹಟ ಹಿಡಿದ. ಅವನ ಗ್ರಂಥದ ಹೆಸರಿನಲ್ಲೇ ಲಾಳದ ಉಪಯೋಗದ ಪಕ್ಕದಲ್ಲಿ ದುರುಪಯೋಗವೂ ಅಚ್ಚಾಗಿದೆ.