ಕ್ಯಾಡ್ ನಕ್ಷೆಗೆ ಸೇರಿಸಿದ ಫೋಟೊ ಆ ಫೈಲಿನ ಒಳಗೇ ಇರುತ್ತದೆಯೇ?

ಮನೆ ಕಟ್ಟಿಸುತ್ತಿರುವವರ ಮೊಬೈಲಿಗೆ ಇಂಜಿನಿಯರ್ ಕಡೆಯಿಂದ ಒಂದು ಡಿಡಬ್ಲ್ಯುಜಿ ಫೈಲ್ ಬರುತ್ತದೆ. ಅವರು ಅದನ್ನು ಹಾಗೆಯೇ ಕಂಟ್ರಾಕ್ಟರ್‌ಗೆ ಫಾರ್ವರ್ಡ್ ಮಾಡುತ್ತಾರೆ. ಕಂಟ್ರಾಕ್ಟರ್ ತಮ್ಮ ಕಂಪ್ಯೂಟರಿನಲ್ಲಿ ತೆರೆದರೆ ಗೋಡೆ, ಬಾಗಿಲು, ಕಿಟಕಿಯ ಗೆರೆಗಳೆಲ್ಲ ಇವೆ. ಆದರೆ ಅವುಗಳ ಹಿಂದೆ ಕಾಣಬೇಕಿದ್ದ ಸರ್ವೆ ಸ್ಕೆಚ್ ಮಾತ್ರ ಇಲ್ಲ. ಅದರ ಜಾಗದಲ್ಲಿ ಒಂದು ಖಾಲಿ ಚೌಕಟ್ಟು, ಅದರೊಳಗೆ ಯಾವುದೋ ಫೈಲಿನ ಹೆಸರು. ಕೂಡಲೇ ‘ಫೈಲ್ ಕರಪ್ಟ್ ಆಗಿದೆ’, ‘ವೈರಸ್ ಇರಬೇಕು’ ಎಂಬ ಮಾತು ಶುರುವಾಗುತ್ತದೆ. ಹೆಚ್ಚಿನ ಸಲ ಈ ಎರಡೂ ನಿಜವಲ್ಲ. ನಿಜವಾದ ಕಾರಣ ಬಹಳ ಸರಳ. ಅದನ್ನು ಇಲ್ಲಿ ನೋಡೋಣ.

ನಂಬಿಕೆ 1: ನಕ್ಷೆಯಲ್ಲಿ ಕಾಣುವ ಚಿತ್ರ ನಕ್ಷೆಯ ಫೈಲಿನಲ್ಲೇ ಇದೆ

ವಾಸ್ತವ: ಸಾಮಾನ್ಯವಾಗಿ ಇರುವುದಿಲ್ಲ. ವರ್ಡ್ ಫೈಲಿಗೆ ಫೋಟೊ ಹಾಕಿದರೆ ಅದು ಆ ಫೈಲಿನೊಳಗೇ ಉಳಿಯುತ್ತದೆ. ಆಟೋಕ್ಯಾಡ್ ಹಾಗಲ್ಲ. ಅದರಲ್ಲಿ ‘ಅಟ್ಯಾಚ್’ ಮಾಡಿದ ಚಿತ್ರದ ವಿಳಾಸ ಮಾತ್ರ ಡಿಡಬ್ಲ್ಯುಜಿ ಫೈಲಿನಲ್ಲಿ ದಾಖಲಾಗುತ್ತದೆ. ಯಾವ ಫೋಲ್ಡರ್, ಯಾವ ಹೆಸರು, ನಕ್ಷೆಯಲ್ಲಿ ಎಲ್ಲಿ ಮತ್ತು ಎಷ್ಟು ದೊಡ್ಡದಾಗಿ ತೋರಿಸಬೇಕು, ಇಷ್ಟೇ. ಚಿತ್ರ ಇಂಜಿನಿಯರ್ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ಮದುವೆಗೆ ಕರೆಯೋಲೆ ಬಂದರೆ ಛತ್ರವೇ ಮನೆಗೆ ಬಂದಂತಲ್ಲ, ಹಾಗೆಯೇ ಇದು. ಡಿಎಕ್ಸ್‌ಎಫ್ ಫೈಲಾಗಿ ಉಳಿಸಿದರೂ ಇದೇ ಕಥೆ.

ಹೀಗೇಕೆ ಮಾಡಿದ್ದಾರೆ? ಕ್ಯಾಡ್ ನಕ್ಷೆ ಗೆರೆಗಳ ಲೆಕ್ಕ. ಒಂದು ಗೆರೆಗೆ ಎರಡು ತುದಿಗಳ ಸ್ಥಾನ ಬರೆದಿಟ್ಟರೆ ಸಾಕು, ಎಷ್ಟು ಜೂಮ್ ಮಾಡಿದರೂ ಅದು ಚೂಪಾಗಿಯೇ ಇರುತ್ತದೆ. ಫೋಟೊ ಹಾಗಲ್ಲ, ಅದು ಬಣ್ಣದ ಚುಕ್ಕೆಗಳ ರಾಶಿ. ಇದನ್ನೇ ರಾಸ್ಟರ್ ಚಿತ್ರ ಎನ್ನುತ್ತಾರೆ. 4000 × 3000 ಅಳತೆಯ ಒಂದು ಫೋಟೊದಲ್ಲಿ 1.2 ಕೋಟಿ ಚುಕ್ಕೆಗಳಿರುತ್ತವೆ. ಅಂಥ ನಾಲ್ಕಾರು ಚಿತ್ರ ಒಳಗೆ ಸೇರಿದರೆ ಹಗುರವಾದ ನಕ್ಷೆಯ ಫೈಲ್ ಭಾರವಾಗುತ್ತದೆ. ಇನ್ನೊಂದು ಅನುಕೂಲವೂ ಇದೆ: ಒಂದೇ ಚಿತ್ರವನ್ನು 20 ನಕ್ಷೆಗಳಲ್ಲಿ ಬಳಸಿದ್ದರೆ, ಮೂಲ ಚಿತ್ರವನ್ನು ಒಮ್ಮೆ ಬದಲಿಸಿದರೆ ಎಲ್ಲ ನಕ್ಷೆಗಳಲ್ಲೂ ಹೊಸದೇ ಬರುತ್ತದೆ.

ನಂಬಿಕೆ 2: ಚಿತ್ರವನ್ನೂ ವಾಟ್ಸಾಪ್‌ನಲ್ಲಿ ಕಳಿಸಿದರೆ ಸರಿಹೋಗುತ್ತದೆ

ವಾಸ್ತವ: ಹೇಗೆ ಕಳಿಸುತ್ತೀರಿ ಎಂಬುದರ ಮೇಲೆ ನಿಂತಿದೆ. ‘ಫೋಟೊ’ ಎಂದು ಕಳಿಸಿದರೆ ಎರಡು ತೊಂದರೆ. ಮೊದಲನೆಯದು, ಫೋನಿನಲ್ಲಿ ಉಳಿಯುವಾಗ ಅದರ ಹೆಸರು ಬದಲಾಗುತ್ತದೆ. ನಕ್ಷೆ ಹುಡುಕುವುದು ಹಳೆಯ ಹೆಸರನ್ನು, ಹಾಗಾಗಿ ಚಿತ್ರ ಪಕ್ಕದಲ್ಲೇ ಇದ್ದರೂ ಅದಕ್ಕೆ ಸಿಗುವುದಿಲ್ಲ. ಎರಡನೆಯದು, ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ. 1:1000 ಪ್ರಮಾಣದ ಸ್ಕೆಚ್ ಎ4 ಹಾಳೆಯಲ್ಲಿದೆ ಎಂದುಕೊಳ್ಳಿ. ಅದನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಸುಮಾರು 8.5 ಸೆಂ.ಮೀ. ಅದೇ ಚಿತ್ರದ ಉದ್ದದ ಬದಿ 1600 ಚುಕ್ಕೆಗೆ ಇಳಿದರೆ, ಒಂದು ಚುಕ್ಕೆ ಸುಮಾರು 18.5 ಸೆಂ.ಮೀ., ಅಂದರೆ ಏಳು ಇಂಚಿಗೂ ಹೆಚ್ಚು. ಗಡಿಯ ಗೆರೆ ಅಷ್ಟರ ಮಟ್ಟಿಗೆ ಮಸುಕಾಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಹೆಸರೂ ಉಳಿಯುತ್ತದೆ, ಗುಣಮಟ್ಟವೂ ಉಳಿಯುತ್ತದೆ.

ನಂಬಿಕೆ 3: ಚಿತ್ರ ಕ್ಯಾಡ್‌ಗೆ ಬಂದರೆ ಅಳತೆಯೂ ಸರಿಯಾಗಿ ಬರುತ್ತದೆ

ವಾಸ್ತವ: ಬರುವುದಿಲ್ಲ. ಕ್ಯಾಡ್‌ಗೆ ಹಾಕಿದ ಮಾತ್ರಕ್ಕೆ ಚುಕ್ಕೆಗಳು ಗೆರೆಗಳಾಗುವುದಿಲ್ಲ. ಗೊತ್ತಿರುವ ಒಂದು ಅಳತೆಯನ್ನು, ಉದಾಹರಣೆಗೆ 30 × 40 ಸೈಟಿನ 40 ಅಡಿಯ ಬದಿಯನ್ನು, ಹಿಡಿದು ಚಿತ್ರವನ್ನು ಸ್ಕೇಲ್ ಮಾಡಬೇಕು. ನಂತರ ಇನ್ನೊಂದು ಬದಿ 30 ಅಡಿ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಹಾಳೆಯ ಫೋಟೊವನ್ನು ಓರೆಯಾಗಿ ತೆಗೆದಿದ್ದರೆ ಒಂದು ಬದಿ ಸರಿಹೋದರೂ ಇನ್ನೊಂದು ಸರಿಹೋಗುವುದಿಲ್ಲ. ಅದಕ್ಕೇ ಮೊಬೈಲ್ ಫೋಟೊಗಿಂತ ಚಪ್ಪಟೆ ಸ್ಕ್ಯಾನರ್ ಒಳ್ಳೆಯದು. ಏನೇ ಆದರೂ ಚಿತ್ರ ಇರುವುದು ನೋಡಿಕೊಳ್ಳುವುದಕ್ಕೆ. ಪಾಯಕ್ಕೆ ಗುರುತು ಹಾಕುವುದು ಸ್ಥಳದಲ್ಲಿ ಟೇಪು ಹಿಡಿದು ಅಳೆದ ಮೇಲೆಯೇ.

ಹಾಗಾದರೆ ಸರಿಯಾದ ದಾರಿ ಯಾವುದು?

ನೋಡುವುದಕ್ಕೆ ಮಾತ್ರವಾದರೆ ಪಿಡಿಎಫ್ ಕೇಳಿ. ನಕ್ಷೆಯನ್ನು ಪಿಡಿಎಫ್ ಮಾಡುವಾಗ ಚಿತ್ರವೂ ಅದರೊಳಗೆ ಸೇರುತ್ತದೆ. ಮೇಸ್ತ್ರಿಯ ಫೋನಿನಲ್ಲೂ ತೆರೆಯುತ್ತದೆ.

ನಕ್ಷೆಯನ್ನು ತಿದ್ದುವವರಿಗೆ ಕಳಿಸುವುದಾದರೆ, ಆಟೋಕ್ಯಾಡ್‌ನ ‘ಇ-ಟ್ರಾನ್ಸ್‌ಮಿಟ್’ ಬಳಸಲು ಇಂಜಿನಿಯರ್‌ಗೆ ಹೇಳಿ. ಅದು ನಕ್ಷೆಯನ್ನೂ ಅದಕ್ಕೆ ಬೇಕಾದ ಚಿತ್ರಗಳನ್ನೂ ಒಟ್ಟಿಗೆ ಸೇರಿಸಿ ಒಂದು ಜಿಪ್ ಫೈಲ್ ಮಾಡಿಕೊಡುತ್ತದೆ. ಅದಿಲ್ಲದಿದ್ದರೆ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಹೆಸರು ಬದಲಿಸದೆ, ಜಿಪ್ ಮಾಡಿ ಕಳಿಸಬಹುದು.

ಚಿತ್ರ ಈಗಾಗಲೇ ಕಾಣೆಯಾಗಿದ್ದರೆ ಗಾಬರಿ ಬೇಡ. ‘ಎಕ್ಸ್‌ಟರ್ನಲ್ ರೆಫರೆನ್ಸಸ್’ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ‘ನಾಟ್ ಫೌಂಡ್’ ಎಂದಿರುತ್ತದೆ. ಮೂಲ ಚಿತ್ರವನ್ನು ತರಿಸಿಕೊಂಡು, ಅದು ಈಗ ಎಲ್ಲಿದೆ ಎಂದು ಅಲ್ಲಿಯೇ ತೋರಿಸಿದರೆ ಮತ್ತೆ ಕಾಣಿಸುತ್ತದೆ.

ಚಿತ್ರವನ್ನು ನಿಜವಾಗಿ ಫೈಲಿನೊಳಗೇ ಕೂರಿಸಲು ಆಗುವುದೇ ಇಲ್ಲವೇ? ಆಗುತ್ತದೆ. ವಿಂಡೋಸ್‌ನ ಪೇಂಟ್‌ನಲ್ಲಿ ಚಿತ್ರವನ್ನು ಕಾಪಿ ಮಾಡಿ ಆಟೋಕ್ಯಾಡ್‌ನಲ್ಲಿ ಪೇಸ್ಟ್ ಮಾಡಿದರೆ ಅದು ‘ಓಎಲ್‌ಇ’ ವಸ್ತುವಾಗಿ ಒಳಗೇ ಉಳಿಯುತ್ತದೆ. ಆದರೆ ಫೈಲ್ ದಪ್ಪವಾಗುತ್ತದೆ, ಬೇರೆ ಸಾಫ್ಟ್‌ವೇರ್‌ಗಳಲ್ಲಿ ಸರಿಯಾಗಿ ಕಾಣುತ್ತದೆ ಎಂಬ ಖಾತ್ರಿಯೂ ಇಲ್ಲ. ಒಂದು ಚಿಕ್ಕ ಲೋಗೊಗೆ ಅಡ್ಡಿಯಿಲ್ಲ, ಸರ್ವೆ ಸ್ಕೆಚ್‌ಗೆ ಬೇಡ.

ಕೊನೆಯ ಮಾತು

ಖಾಲಿ ಚೌಕಟ್ಟು ಕಂಡರೆ ಅದನ್ನು ವೈರಸ್ ಎಂದು ಅಳಿಸಬೇಡಿ. ಹಾಗೆಯೇ, ಸ್ಕೆಚ್ ಇಲ್ಲದ ನಕ್ಷೆಯನ್ನು ನಂಬಿ ಕೆಲಸವನ್ನೂ ಶುರು ಮಾಡಬೇಡಿ. ಚೌಕಟ್ಟಿನಲ್ಲಿರುವ ಹೆಸರನ್ನು ಓದಿ, ಆ ಫೈಲನ್ನು ಕೇಳಿ ತರಿಸಿಕೊಳ್ಳಿ. ಮುಂದಿನ ಸಲ ನಕ್ಷೆ ಫಾರ್ವರ್ಡ್ ಮಾಡುವ ಮುನ್ನ ‘ಇದರ ಜೊತೆ ಚಿತ್ರಗಳೇನಾದರೂ ಇವೆಯೇ?’ ಎಂದು ಇಂಜಿನಿಯರನ್ನು ಒಮ್ಮೆ ಕೇಳಿ. ಆ ಒಂದು ಪ್ರಶ್ನೆ, ತಪ್ಪು ಜಾಗದಲ್ಲಿ ಪಾಯ ತೋಡುವುದನ್ನು ತಪ್ಪಿಸಬಹುದು.